ಅವರಿಗೆ ಹೋಗುವ ಮೆಸೇಜು

ಬಂಟ್ವಾಳದಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದವಳು ಯಾರ ಫೋನ್ ಸದ್ದು ಮಾಡಿದರೂ ಕೈಯ ಕೆಲಸ ನಿಲ್ಲಿಸುತ್ತಿದ್ದಳು. ನನ್ನದಾದರೂ ಅಷ್ಟೆ. ಇದನ್ನು ಆಗಲೇ ಗಮನಿಸಿದ್ದೆನೋ, ಆಮೇಲೆ ನೆನಪಿಗೆ ಸೇರಿಸಿಕೊಂಡೆನೋ, ಹೇಳಲಾರೆ.

ಎರಡನೇ ಹೆರಿಗೆಯಲ್ಲಿ ಬಿಪಿ ಏರಿ ಅವಳ ಜೀವ ಉಳಿದದ್ದೇ ಹೆಚ್ಚು. ಇನ್ನೊಂದು ಮಗು ಬೇಡವೆಂದು ಡಾಕ್ಟರು ಎಚ್ಚರಿಸಿದ್ದರು. ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದು ತಿಂಗಳಿಗೊಮ್ಮೆ ಬರುತ್ತಿದ್ದ ಗಂಡನಿಗೆ ಇನ್ನೊಂದು ಬೇಕಿತ್ತು. ಬಸಿರು ತಡೆಯುವ ಕಾಪರ್-ಟಿಯನ್ನು ಊರಿನ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕುತ್ತಾರೆ, ಆದರೆ ಅಲ್ಲಿ ಅವಳ ನಾದಿನಿಯೇ ನರ್ಸು. ಹಾಗಾಗಿ ನಾವಿಬ್ಬರೂ ಮೂಡುಬಿದಿರೆಯ ಖಾಸಗಿ ಆಸ್ಪತ್ರೆಗೆ ಹೋದೆವು.

"ಗಂಡನ ಕಂಪನಿಯ ವಿಮೆಯಲ್ಲಿ ಇದೂ ಬರ್ತದೆ ಅಕ್ಕ, ಕಾರ್ಡ್ ಕೊಡಿ," ಎಂದಳು ಕೌಂಟರಿನ ಹುಡುಗಿ.

"ವಿಮೆಯ ಮೆಸೇಜ್ ಯಾರಿಗೆ ಹೋಗ್ತದೆ?" ಎಂದು ಇವಳು ಕೇಳಿದಳು.

"ಕಾರ್ಡ್ ಯಾರ ಹೆಸರಲ್ಲಿ ಉಂಟೋ ಅವರಿಗೆ."

ಅವಳು ಕಾರ್ಡನ್ನು ಮತ್ತೆ ಪರ್ಸಿಗೆ ಹಾಕಿದಳು.

"ದುಡ್ಡು ನಾನು ಕೊಡ್ತೇನೆ ಮಾರಾಯ್ತಿ, ಹಾಕಿಸು," ಎಂದೆ.

"ಬೇಡಕ್ಕ. ಕದ್ದು ಹಾಕಿಸಿದ್ದು ಗೊತ್ತಾದರೆ ಮತ್ತೆ ಆ ಮನೆಯಲ್ಲಿ ಇರ್ಲಿಕ್ಕುಂಟಾ? ಈ ಸಲ ಅವರು ಬಂದಾಗ ಹೇಳ್ತೇನೆ."

ಆ ಮಾತನ್ನು ಆಮೇಲೂ ತಿಂಗಳು ತಿಂಗಳು ಕೇಳಿದೆ. "ಮುಂದಿನ ಸಲ ಹೇಳ್ತೇನೆ ಅಕ್ಕ. ಈ ಸಲ ಖುಷಿಯಲ್ಲಿದ್ದರು, ಹಾಳು ಮಾಡುವುದು ಬೇಡಾಂತ." ನಗುತ್ತ ಹೇಳುತ್ತಿದ್ದಳೆಂದು ನೆನಪು. ಆ ನಗುವನ್ನು ಎಷ್ಟು ನಂಬಬೇಕೋ ತಿಳಿಯದು.

ಮೂರನೇ ಹೆರಿಗೆಯಲ್ಲಿ ಅವಳು ಉಳಿಯಲಿಲ್ಲ. ಖರ್ಚೆಲ್ಲ ವಿಮೆಯಲ್ಲೇ ಬಂತು. ವಾರ್ಡಿನ ಹೊರಗೆ ಮಗುವನ್ನೆತ್ತಿಕೊಂಡು ಅಳುತ್ತಿದ್ದ ಗಂಡನ ಜೇಬಿನಲ್ಲಿ ಫೋನ್ ಸದ್ದು ಮಾಡಿತು. ನಾನು ಅಭ್ಯಾಸದಂತೆ ಅವಳ ಮುಖ ನೋಡಲು ತಿರುಗಿದೆ.