ಕಾಕಾ ಸಹಿ ಹಾಕದ ಮನವಿ

ಮಂಗಳವಾರ ನಾಲ್ಕು, ಬುಧವಾರ ಎರಡು, ಗುರುವಾರ ಸೊನ್ನೆ.

ನನ್ನ ಡೈರಿಯ ಆ ವಾರದ ಪುಟದಲ್ಲಿ ಇದ್ದದ್ದು ಇಷ್ಟೇ. ಸವಿತಾಳ ಫೋನ್ ಕರೆಗಳ ಲೆಕ್ಕ. ಸೋಲಾಪುರದ ನವಿ ಪೇಠದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಕಾಕಾನ ಒಬ್ಬಳೇ ಮಗಳು ಅವಳು. ಡಾಕ್ಟರ್ ಓದಲು ಹೋದ ದೇಶದಲ್ಲಿ ಯುದ್ಧ ಶುರುವಾಗಿತ್ತು. ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ ಅಡಗಿದ್ದಳು. ಗುರುವಾರ ಬೆಳಿಗ್ಗೆ, ವಿದ್ಯಾರ್ಥಿಗಳ ಬಸ್ ಹೊರಟಿದೆ ಎಂಬ ಸುದ್ದಿಯಷ್ಟೇ ಬಂದಿತ್ತು.

ಅದೇ ದಿನ ದೆಹಲಿಯ ಸರ್ಕಾರಕ್ಕೆ ಕಳಿಸಲು ನಾನೊಂದು ಮನವಿ ಬರೆದಿದ್ದೆ. (ಬರೆ ಎಂದರೆ ನಾನು ಒಲ್ಲೆ ಎನ್ನುವವನಲ್ಲ, ನಿಮಗೆ ಗೊತ್ತು.) ಜಗತ್ತಿನ ದೇಶಗಳೆಲ್ಲ ಸೇರಿದ ಸಭೆಯಲ್ಲಿ ನಮ್ಮ ದೇಶ ಯಾರ ಪರವೂ ಮತ ಹಾಕಿರಲಿಲ್ಲ. ಇಷ್ಟು ದೊಡ್ಡ ದೇಶ, ದಾಳಿ ಮಾಡಿದವರನ್ನು ದಾಳಿಕೋರರು ಎನ್ನಲೂ ಅಂಜಬೇಕೇ? ಪೇಠದ ವ್ಯಾಪಾರಿಗಳು ಸಹಿ ಹಾಕಿದರು. ಹದಿನೇಳು ಸಹಿ. ಹದಿನೆಂಟನೆಯದು ಕಾಕಾನದಾಗಬೇಕಿತ್ತು.

ಎದುರಂಗಡಿಯ ಶೇಠರು ಪೆನ್ ಚಾಚಿದರು. "ಮಾಡ್ರಿ ಸಾಹೇಬ್ರ. ನಿಮ್ಮ ಮಗಳ ಸಲುವಾಗೇ ಹೊಡದಾಡಾಕತ್ತೀವಿ."

"ಆಕಿ ಇನ್ನೂ ಬಸ್ಸಿನ್ಯಾಗ ಅದಾಳ್ರಿ ಶೇಠ್."

"ಅರೇ, ನಿಮ್ಮ ಸಹಿ ನೋಡಿ ಅಲ್ಲಿ ಬಸ್ ತಡೀತಾರೇನ್ರಿ? ಇಷ್ಟ ಪುಕ್ಕಲಾ ಆಗಬ್ಯಾಡ್ರಿ."

"ಹೌದ್ರಿ, ಪುಕ್ಕಲಾ ಅದೀನಿ. ಗಡಿ ನಾಕಾದಾಗ ಬಸ್ ನಿಲ್ಲಿಸಿ ಬಂದೂಕ ಹಿಡದಾವ 'ನೀವು ಯಾರ ಕಡೀದವ್ರು' ಅಂತ ಕೇಳಿದ್ರ ಆಕಿ ಏನ್ ಹೇಳಬೇಕು? ಯಾರ ಕಡೀನೂ ಅಲ್ಲ ಅನ್ನಾಕ ಬರಬೇಕಲ್ಲ!"

ಶೇಠರು ಪೆನ್ ಮುಚ್ಚಿದರು. ಕಾಕಾ ನನ್ನ ಕಡೆ ತಿರುಗಿದ. "ಛಂದ ಬರದೀ. ಖರೇನೂ ಬರದೀ. ಇವತ್ತ ಮಾತ್ರ ಕಳಸಬ್ಯಾಡ."

ಕಳಿಸಲಿಲ್ಲ.

ದೆಹಲಿಯಲ್ಲಿ ಕೂತವರ ಮುಂದೆಯೂ ಇಂಥದೇ ಕಾಗದ ಇದ್ದಿರಬೇಕು. ನಮ್ಮ ಗಾಡಿಗೆ ಎಣ್ಣೆ ಒಂದು ಕಡೆಯಿಂದ ಬರಬೇಕು, ನಮ್ಮೂರು ಹನ್ನೂರಿನ ಹೊಲಕ್ಕೆ ಗೊಬ್ಬರ ಇನ್ನೊಂದು ಕಡೆಯಿಂದ. ನಡುವೆ ಬಸ್ಸುಗಳಲ್ಲಿ ಮಕ್ಕಳು. ವಿದೇಶಾಂಗ ನೀತಿಯ ಬಗ್ಗೆ ಕಾಲೇಜಿನ ಡಿಬೇಟ್‌ನಲ್ಲಿ ನಾನೂ ಗುಡುಗಿದ್ದೇನೆ. ಆಗ ನನ್ನ ಮನೆಯವರು ಯಾರೂ ಬಸ್ಸಿನಲ್ಲಿರಲಿಲ್ಲ.

ಶುಕ್ರವಾರ ಮಧ್ಯಾಹ್ನ, ಒಂದು ಕರೆ. "ಪಪ್ಪಾ, ಗಡಿ ದಾಟೀವಿ! ಬಸ್ಸಿಗೆ ನಮ್ಮ ಬಾವುಟ ಕಟ್ಟಿದ್ವಿ. ಎರಡೂ ಕಡೀದವ್ರು ಬಿಟ್ರು."

ಕಾಕಾ ಗಿರಾಕಿಗಳ ಎದುರೇ ಅತ್ತ.

ಸವಿತಾ ಮನೆಗೆ ಬಂದು ಎಂಟು ದಿನವಾಯಿತು. ನಿನ್ನೆ ಅವಳಿಗೊಂದು ಮೆಸೇಜ್ ಬಂತು. ಅಲ್ಲಿನ ಮನೆಯೊಡತಿಯದು. ನೆಲಮಾಳಿಗೆಯಲ್ಲಿ ತನ್ನ ಪಾಲಿನ ಬ್ರೆಡ್ಡನ್ನು ಇವಳಿಗೆ ಕೊಟ್ಟಿದ್ದ ಹೆಂಗಸು. 'ನಿಮ್ಮ ದೇಶ ನಮ್ಮ ಪರವಾಗಿ ಒಂದು ಮಾತೂ ಯಾಕೆ ಆಡಲಿಲ್ಲ?'

ಸವಿತಾ ಫೋನನ್ನು ಕಾಕಾನಿಗೆ ಕೊಟ್ಟಳು. ಕಾಕಾ ಓದಿ ನನಗೆ ಕೊಟ್ಟ. "ನೀ ಬರಿಯಾವ ಅಲ್ಲೇನು? ಬರಿ."

ಆ ಮೌನದಿಂದಲೇ ನಮ್ಮ ಹುಡುಗಿ ಬದುಕಿ ಬಂದಳು ಎಂದು, ಇನ್ನೂ ಅಲ್ಲೇ ಅಡಗಿರುವ ಆ ತಾಯಿಗೆ ಯಾವ ಮುಖ ಇಟ್ಟುಕೊಂಡು ಬರೆಯಲಿ?