ವಿನೆಗರ್‌ನಲ್ಲಿಟ್ಟ ಮೊಟ್ಟೆ

ಊರ್ಮಿಳಾಗೆ ಗುಜರಾತಿ ಹತ್ತಲಿಲ್ಲ ಎಂದರೆ ಹತ್ತಲಿಲ್ಲ. ಹಿಂದಿಯೂ ಅಷ್ಟಕ್ಕಷ್ಟೇ. ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಇಡೀ ತರಗತಿಯನ್ನು ಒಂದೇ ಗದರಿಕೆಗೆ ತೆಪ್ಪಗಾಗಿಸುತ್ತಿದ್ದ ಹೆಂಗಸು, ರೈಲ್ವೆ ನೌಕರಿಯ ಗಂಡನ ಹಿಂದೆ ಸೂರತ್‌ಗೆ ಬಂದ ಮೇಲೆ ತರಕಾರಿಯವನ ಮುಂದೆಯೂ ಮೂಕಿ. ಯಾರಿಗೆ ಏನು ಹೇಳಬೇಕಾದರೂ ಆರನೇ ತರಗತಿಯ ಮಗಳು ವರ್ಷಿಣಿಯೇ ಅವಳ ಬಾಯಿ. ಹುಡುಗಿಯ ಕನ್ನಡ ಕುಂಟುತ್ತಿತ್ತು, ಗುಜರಾತಿ ಮಾತ್ರ ನೀರು ಕುಡಿದಷ್ಟು ಸಲೀಸು.

ಗಂಡ ಶ್ರೀಪಾದನ ಎರಡೂ ಕಿಡ್ನಿ ಕೈಕೊಟ್ಟಿದ್ದವು, ಕುಡಿಯುವ ನೀರಿಗೂ ಅಳತೆ. ಅಡಾಜಣ್ ಬಡಾವಣೆಯ ಈ ಬಾಡಿಗೆ ಮನೆಯ ಎದುರಿಗೇ ಡಯಾಲಿಸಿಸ್ ಮಾಡುವ ಆಸ್ಪತ್ರೆ. ಅದಕ್ಕಿಂತ ದೊಡ್ಡ ಪುಣ್ಯವೆಂದರೆ ಪಕ್ಕದ ಮನೆಯ ಕೋಕಿಲಾಬೆನ್. ಆಸ್ಪತ್ರೆಯ ದಿನ ಅವರ ಮಗ ಮಂಥನ್ ಕರೆಯುವ ಮುಂಚೆಯೇ ಬಂದು, ಕಾಲಲ್ಲಿ ಬಲವಿಲ್ಲದ ಶ್ರೀಪಾದನನ್ನು ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸುತ್ತಿದ್ದ. ಈ ಮನೆ ಬಿಟ್ಟರೆ ಗತಿಯಿಲ್ಲ ಎಂದು ಊರ್ಮಿಳಾಗೆ ಗೊತ್ತಿತ್ತು. ಮಾಂಸ, ಮೊಟ್ಟೆ ಗೇಟಿನೊಳಗೆ ಬರಕೂಡದು ಎಂಬ ಹೌಸಿಂಗ್ ಸೊಸೈಟಿಯ ನಿಯಮವೂ ಗೊತ್ತಿತ್ತು.

ಆದರೂ ತಂದಳು. ಮನೆಯಲ್ಲೇ ಒಂದು ಪ್ರಯೋಗ ಮಾಡಿಕೊಂಡು ಬನ್ನಿ ಎಂದು ಶಾಲೆಯಲ್ಲಿ ಹೇಳಿದ್ದರು. ಅಂಗಡಿಯಲ್ಲಿ ರೆಡಿ ಮಾಡೆಲ್ ಸಿಗುತ್ತದೆ ಎಂದು ವರ್ಷಿಣಿ ಅಂದದ್ದೇ ತಡ, ಊರ್ಮಿಳಾಳ ಒಳಗಿನ ಟೀಚರಮ್ಮ ಎದ್ದು ಕೂತಳು. ಔಷಧ ತರಲು ತಾಪಿ ನದಿಯಾಚೆ ಹೋದವಳು, ಜನ್ಮದಲ್ಲಿ ಮೊಟ್ಟೆ ಬಾಯಿಗಿಡದವಳು, ಒಂದು ಮೊಟ್ಟೆ ಕೊಂಡು ಹತ್ತಿಯಲ್ಲಿ ಸುತ್ತಿ ಮಾತ್ರೆಯ ಡಬ್ಬಿಯಲ್ಲಿ ಅಡಗಿಸಿ ತಂದಳು. ಗಾಜಿನ ಲೋಟದಲ್ಲಿಟ್ಟು ಮುಳುಗುವಷ್ಟು ವಿನೆಗರ್ ಹೊಯ್ದಳು.

"ನೋಡು, ಹೆಂಗ ಗುಳ್ಳಿ ಏಳ್ಲಿಕ್ಕತ್ತಾವ! ಚಿಪ್ಪಿನೊಳಗ ಸುಣ್ಣ ಇರ್ತದ, ಅದನ್ನ ಇದು ಕರಗಿಸ್ತದ."

ಎಷ್ಟೋ ಕಾಲದ ಮೇಲೆ ಆ ಅಡುಗೆಮನೆಯಲ್ಲಿ ನಗು ಕೇಳಿತು. ಚಿಪ್ಪೆಲ್ಲ ಕರಗಿ ಮೊಟ್ಟೆ ಬರೀ ಪೊರೆಯಲ್ಲಿ ಊದಿಕೊಂಡು ನಿಂತಾಗ ವರ್ಷಿಣಿಗೆ ಸುಮ್ಮನಿರಲಾಗಲಿಲ್ಲ. ಅಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ ಅದನ್ನೆತ್ತಿಕೊಂಡು ಕೋಕಿಲಾಬೆನ್ ಮನೆಗೆ ಓಡಿದಳು. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು, ರಬ್ಬರ್ ಚೆಂಡೇ ಎಂದು ಕೇಳಿ ನಕ್ಕರು. ಮೊಟ್ಟೆ ಎಂದಳು ಹುಡುಗಿ. ಅವರು ಥಟ್ಟನೆ ಕೈ ಕೊಡವಿದರು. ಮೊಟ್ಟೆ ಹೊಸ್ತಿಲ ಮೇಲೆ ಬಿದ್ದು ಒಡೆಯಿತು.

ಸಂಜೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸೊಸೈಟಿಯ ಕಮಿಟಿಯವರು ಕೂತರು. ಯಾರೂ ಕೂಗಾಡಲಿಲ್ಲ. ಸೆಕ್ರೆಟರಿ ಮೆಲ್ಲಗೆ ಏನೋ ಕೇಳಿದರು.

"ಅಮ್ಮಾ, ಯಾರು ತಂದ್ರು ಅಂತ ಕೇಳ್ತಾರ. ದೊಡ್ಡವ್ರು ತಂದಿದ್ರ ಮನಿ ಖಾಲಿ ಮಾಡ್ಬೇಕಂತ."

ಊರ್ಮಿಳಾ ಗೋಡೆಗೊರಗಿ ನಿಂತಿದ್ದ ಮಂಥನ್‌ನನ್ನು ನೋಡಿದಳು. ಮಗಳ ಮುಖ ನೋಡಲಿಲ್ಲ.

"ನೀನ ತಂದಿ ಅಂತ ಹೇಳು. ಅಮ್ಮಗ ಗೊತ್ತೇ ಇರ್ಲಿಲ್ಲ ಅಂತ ಹೇಳು."

"ನಾನಾ?"

"ಸಣ್ಣಾಕಿ ಇದ್ದಿ, ಬಿಡ್ತಾರ. ಅಪ್ಪನ್ನ ನೆನಸ್ಕೊ. ಹೇಳು."

ವರ್ಷಿಣಿ ಕಮಿಟಿಯವರತ್ತ ತಿರುಗಿ ಹೇಳಿದಳು. ಅಮ್ಮ ಹೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು. ಅದರಲ್ಲಿ ಊರ್ಮಿಳಾಗೆ ತಿಳಿದದ್ದು 'ಮಮ್ಮಿ' ಎಂಬ ಒಂದು ಮಾತು ಮಾತ್ರ. ಕೋಕಿಲಾಬೆನ್ ಕಣ್ಣೊರೆಸಿಕೊಂಡು ಬಂದು ಊರ್ಮಿಳಾಳ ಬೆನ್ನು ಸವರಿದರು. ಹುಡುಗಿಗೆ ಎಲ್ಲರೂ ಬುದ್ಧಿ ಹೇಳಿದರು, ಕಿವಿ ಹಿಡಿಸಿ ತಪ್ಪಾಯಿತು ಎನ್ನಿಸಿದರು. ಮನೆ ಉಳಿಯಿತು. ಊರ್ಮಿಳಾಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ, ಅದನ್ನು ಜನ ಮಗಳ ತಪ್ಪಿನಿಂದಾದ ನೋವು ಎಂದುಕೊಂಡರು.

ಮರುದಿನ ಮಂಥನ್ ಎಂದಿನಂತೆ ಬಂದ, ಎತ್ತಿ ಕೂರಿಸಿದ. ಶಾಲೆಗೆ ಮುಂಚೆ ವರ್ಷಿಣಿಯೂ ಆಸ್ಪತ್ರೆಗೆ ಬಂದಳು. ರೋಗಿ ನಿನ್ನೆ ನೀರು ಜಾಸ್ತಿ ಕುಡಿದರೇ ಎಂದು ಡಾಕ್ಟರು ಕೇಳಿದರು.

"ಇಲ್ಲ, ಅಳತಿ ಮೀರಿಲ್ಲ ಅಂತ ಹೇಳು," ಎಂದಳು ಊರ್ಮಿಳಾ. ಅದು ಸತ್ಯವೇ ಆಗಿತ್ತು.

ವರ್ಷಿಣಿ ಬಾಯಿ ತೆರೆದವಳು ನಿಲ್ಲಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. "ಅಮ್ಮಾ, ಇದು ಖರೇದಾ? ಇಲ್ಲಾ, ಬರೇ ಹೇಳೂದಾ?"

"ಖರೇನವಾ."

ಹುಡುಗಿ ಅಪ್ಪನ ಹತ್ತಿರ ಹೋಗಿ, ಬಗ್ಗಿ, ಅವನನ್ನೂ ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ ಮೇಲೆ ಡಾಕ್ಟರಿಗೆ ಹೇಳಿದಳು.