ಕಿಟಕಿ ಇಲ್ಲದ ಖೋಲಿ

ಗೋಕಾಕದ ನಮ್ಮ ಹಿಂದಿನ ಓಣಿಯಲ್ಲಿ ಹೊಸದಾಗಿ ಹಿಟ್ಟಿನ ಗಿರಣಿ ಶುರುವಾಗಿದೆ. ಮೊನ್ನೆ ಜೋಳ ಬೀಸಿಸಿಕೊಂಡು ಬರಲು ಹೋದಾಗ ಬಿಸಿ ಹಿಟ್ಟಿನ ವಾಸನೆಯ ಜೊತೆಗೆ ಕಾದ ಗ್ರೀಸಿನ ಕಮಟೂ ಮೂಗಿಗೆ ಬಡಿಯಿತು. ಅಷ್ಟೇ ಸಾಕಾಯಿತು... ಸಂಕೇಶ್ವರದ ಗಿರಣಿ ಕಾಕಾ ಕಣ್ಣ ಮುಂದೆ ಬಂದು ನಿಂತರು.

ನಾನಾಗ ಅಲ್ಲಿ ಶಾಲೆಯ ಟೀಚರ್, ಕಾಕಾರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ಗಿರಣಿ ಹಾಕುವ ಮೊದಲು ಅವರು ಹನ್ನೆರಡು ವರ್ಷ ನೌಕಾಪಡೆಯ ಯುದ್ಧದ ಹಡಗೊಂದರಲ್ಲಿದ್ದವರು. ಡಿಸ್ಟ್ರಾಯರ್ ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಗಿರಣಿಯ ಬೇರಿಂಗ್ ಕಾದಿದೆಯೋ ಎಂದು ನೋಡಲು ಕೈಯ ಹಿಂಬದಿಯನ್ನಷ್ಟೇ ತಾಗಿಸುವುದು ಅಲ್ಲಿಂದ ಬಂದ ರೂಢಿ. ಅಂಗೈ ಸುಟ್ಟರೆ ಪಾಳಿ ಮಾಡುವವರು ಯಾರು?

ಹಿಟ್ಟಿಗೆ ಬಂದವರಿಗೆಲ್ಲ ಸಮುದ್ರದ ಕಥೆ ಪುಕ್ಕಟೆ. ಹಾರುವ ಮೀನು, ಮನೆಯೆತ್ತರದ ತೆರೆ... ಹಿರಣ್ಯಕೇಶಿ ಹೊಳೆ ಬಿಟ್ಟರೆ ಬೇರೆ ನೀರು ಕಾಣದ ನಾವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಅವರ ಹೆಂಡತಿ ಕಾಕು ಮಾತ್ರ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಅವರ ನಾಲ್ಕು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡಾಗ ತಂತಿ ಸುದ್ದಿ ಹಡಗಿಗೆ ಮುಟ್ಟಿದ್ದು ಎಂಟು ದಿನದ ಮೇಲೆ. "ನನ್ನ ಕೂಸು ಸಾಯಾಕತ್ತಿದ್ದಾಗ ಇವ್ರು ಸಮುದ್ರಾ ನೋಡ್ಕೋತ ಗಾಳಿ ತಗೊಳಾಕತ್ತಿದ್ರು," ಎಂದು ಒಮ್ಮೆ ನನ್ನ ಹತ್ತಿರ ಅಂದಿದ್ದರು. ಆ ಸಿಟ್ಟು ಮೂವತ್ತು ವರ್ಷವಾದರೂ ಆರಿರಲಿಲ್ಲ. ಮಗಳ ಕೊನೆಯ ದಿನದ ಬಗ್ಗೆ ಗಂಡನಿಗೆ ಒಂದಕ್ಷರ ಹೇಳಿರಲಿಲ್ಲ. ಕೇಳುವ ಧೈರ್ಯ ಕಾಕಾರಿಗೂ ಇರಲಿಲ್ಲ.

ಆ ಹಡಗು ಸೇವೆಯಿಂದ ನಿವೃತ್ತಿಯಾಗಿ ಕರಾವಳಿಯಲ್ಲಿ ಮ್ಯೂಸಿಯಂ ಆಗಿದೆ ಎಂದು ಗೊತ್ತಾದಾಗ ಕಾಕಾ ಹಟ ಹಿಡಿದರು. "ಒಮ್ಮೆ ಬಂದ ನೋಡು. ಆಮ್ಯಾಲೆ ಬೇಕಾದ್ದ ಬೈಯಿ." ವರ್ಷವೆಲ್ಲ ಬೇಡಿಕೊಂಡರು. ಕೊನೆಗೆ ಕಾಕು, "ಅಕ್ಕೋರು ಬಂದ್ರ ಬರ್ತೀನಿ," ಎಂದು ನನ್ನ ಮೇಲೆ ಹಾಕಿದರು. ನಾನು ರಜೆ ಹಾಕಿ ಜೊತೆಗೆ ಹೋದೆ.

ಹಡಗಿನ ಬಾಗಿಲಲ್ಲೇ ದೊಡ್ಡ ಫಲಕ. ಅದು ಮುಟ್ಟಿದ ಬಂದರುಗಳು, ನಡೆಸಿದ ಕಪ್ತಾನರು, ಎಲ್ಲ ಬರೆದಿತ್ತು. ಮೇಲೆ ತೋಪುಗಳ ಮುಂದೆ ಮಂದಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕಾಕಾ ಅತ್ತ ತಿರುಗಿಯೂ ನೋಡದೆ ಕೆಳಗಿಳಿಯುವ ಬಾಗಿಲಿಗೆ ಹೋದರು. ಅದಕ್ಕೆ ಬೀಗ. ಕಾವಲುಗಾರ ಆಗುವುದಿಲ್ಲ ಅಂದ. "ಹನ್ನೆರಡ ವರ್ಷ ಇಲ್ಲೆ ದುಡದೇನಪಾ. ಹೆಂಡತಿಗೆ ತೋರಸಬೇಕಾಗೇತಿ," ಎಂದರು ಕಾಕಾ. ಆತ ಅವರ ಮುಖ ನೋಡಿ ಸುಮ್ಮನೆ ಬೀಗ ತೆಗೆದ.

ಕಡಿದಾದ ಕಬ್ಬಿಣದ ನಿಚ್ಚಣಿಕೆಯಲ್ಲಿ ಸೀರೆ ಎತ್ತಿ ಹಿಡಿದು ಕಾಕು ಇಳಿದರು, ಹಿಂದೆ ನಾನು. ಬಾಯ್ಲರ್ ಖೋಲಿ. ಸುತ್ತ ಕೊಳವೆಗಳು, ಇಬ್ಬರು ಸರಿಯಾಗಿ ನಿಲ್ಲಲು ಜಾಗವಿಲ್ಲ. ಕಾಕು ನಾಲ್ಕೂ ಗೋಡೆ ನೋಡಿದರು.

"ಕಿಡಕಿನ ಇಲ್ಲಲ್ರಿ?"

"ನೀರಿನ ಕೆಳಗ ಕಿಡಕಿ ಎಲ್ಲಿಂದ ಬರಬೇಕು?"

"ಮತ್ತ ಸಮುದ್ರಾ?"

"ಅದನ್ನೆಲ್ಲಾ ಮ್ಯಾಲಿನ ಮಂದಿ ಬಂದ ಹೇಳ್ತಿದ್ರು. ನನಗ ಬರೇ ಬೆಂಕಿ..." ಕಾಕಾ ಒಂದು ಕೊಳವೆ ಹಿಡಿದು ನಿಂತರು. "ಕೂಸು ಹೋದ ತಾರು ಇಲ್ಲೇ ನಿಂತ ಓದೀನಿ. ಪಾಳಿ ಮುಗಿಯೂತನಾ ಬಿಟ್ಟ ಹೋಗಾಕ ಬರೂಹಂಗ ಇರಲಿಲ್ಲ."

ಕಾಕು ಸೆರಗಿನಿಂದ ಅವರ ಹಣೆಯ ಬೆವರು ಒರೆಸಿದರು. ಮದುವೆಯಾಗಿ ಅಷ್ಟು ವರ್ಷವಾದವರ ನಡುವೆ ನಾನೇಕೆ ನಿಂತಿದ್ದೇನೆ ಎಂದು ನಾಚಿಕೆಯಾಗಿ ಮೇಲೆ ಬಂದುಬಿಟ್ಟೆ.

ಮರಳಿ ಬರುವಾಗ ನಮ್ಮ ಬಾಡಿಗೆ ಕಾರು ಘಟ್ಟ ಹತ್ತಿತು. ಆಮೇಲೆ ಹಿಂದಿನ ಸೀಟಿನಿಂದ ಕಾಕುವಿನ ದನಿ ಬಂತು. "ಕಡೀ ದಿನಾ ಆಕಿ ಅಪ್ಪಾ ಎಲ್ಲಿ ಅಂತ ಕೇಳಿದ್ಳರಿ. ಬಸ್ ಸ್ಟ್ಯಾಂಡಿನ್ಯಾಗ ಇಳದಾನವಾ, ಬರಾಕತ್ತಾನ ಅಂತ ಹೇಳಿದೆ. ಹಂಗ ಬಾಗಲಾ ನೋಡ್ಕೋತ..." ಮುಂದೆ ಕೂತಿದ್ದ ನಾನು ತಿರುಗಿ ನೋಡಲಿಲ್ಲ. ಕಾಕಾ ಅಳುವುದನ್ನು ಕೇಳಿದ್ದು ಅದೇ ಮೊದಲು, ಅದೇ ಕೊನೆ.

ನನಗೆ ವರ್ಗವಾಗಿ ಗೋಕಾಕಕ್ಕೆ ಬಂದೆ. ಉಪ್ಪುಗಾಳಿಗೆ ಹಡಗಿನ ಕೆಳಭಾಗಕ್ಕೆ ತುಕ್ಕು ಹಿಡಿದು ಆ ಖೋಲಿಯನ್ನು ಕಾಯಂ ಮುಚ್ಚಿದ್ದಾರಂತೆ. ಕಾಕಾ ಹೋಗಿ ಎರಡು ವರ್ಷವಾಯಿತು. ಸುದ್ದಿ ತಿಳಿದು ಸಂಕೇಶ್ವರಕ್ಕೆ ಓಡಿದ ದಿನ ಕಾಕು ನನ್ನ ಎರಡೂ ಕೈ ಹಿಡಿದುಕೊಂಡರು. ಕೊನೆಯ ಮೂರು ದಿನ ಗಂಡನ ಮಂಚ ಬಿಟ್ಟು ಎದ್ದಿರಲಿಲ್ಲವಂತೆ. "ಕೂಸು ಕೇಳಿದ್ದನ್ನ ಮತ್ತೊಮ್ಮೆ ಹೇಳು ಅಂದ್ರು ಅಕ್ಕೋರ," ಎಂದರು. "ಹೇಳಾಕತ್ತಿದ್ದೆ... ಹಂಗ ಹ್ವಾದ್ರು."